14 ಕೋಟಿಯ ಕಾರು ಬುಕ್ ಮಾಡಲಾ ಅಂತ ಕೇಳಿದವರಿಗೆ

ಕಂಪನಿ ಷೇರು ಮಾರಿ ದುಡ್ಡು ಬಂದಿದೆ, ಆನ್ ರೋಡ್ 14 ಕೋಟಿ ಆಗುವ, ಸೂಪರ್‌ಕಾರ್‌ಗಿಂತಲೂ ಒಂದು ಮೆಟ್ಟಿಲು ಮೇಲಿನ ಹೈಪರ್‌ಕಾರ್‌ಗೆ ಅಡ್ವಾನ್ಸ್ ಕೊಡಲಾ, ಇಲ್ಲ ಅದೇ ದುಡ್ಡಿಗೆ ಎರಡು ಮೂರು ಸೂಪರ್‌ಕಾರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಲಿಮಿಟೆಡ್ ಎಡಿಷನ್ ಆದ್ದರಿಂದ ಮುಂದೆ ಬೆಲೆ ಏರುತ್ತದೆ ಅಂತ ಡೀಲರ್ ಹೇಳಿದ್ದಾರಂತೆ. ಆ ಕೊನೆಯ ಮಾತು ಓದಿಯೇ ಉತ್ತರ ಬರೆಯಲು ಕೂತೆ. ನನಗೂ ಒಬ್ಬರು ಹೀಗೇ ಹೇಳಿದ್ದರು.

ನಂದು ಷೇರು ಮಾರಿದ ದುಡ್ಡಲ್ಲ, ಜಮೀನು ಮಾರಿದ ದುಡ್ಡು. ನಾವು ದೇವನಹಳ್ಳಿ ಕಡೆಯವರು. 2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ನಮ್ಮ ಕಡೆ ದ್ರಾಕ್ಷಿ ತೋಟಗಳ ರೇಟು ಏನಾಯಿತು ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಅಪ್ಪ ಬಹಳ ವರ್ಷ ತಡೆದರು. ಕೊನೆಗೆ ರಸ್ತೆ ಪಕ್ಕದ ಒಂದು ತುಂಡನ್ನು ಲೇಔಟ್ ಮಾಡುವವರಿಗೆ ಕೊಟ್ಟೆವು. ನನ್ನ ಭಾಗ ಕೈಗೆ ಬಂದಾಗ ತಲೆ ನೆಟ್ಟಗಿರಲಿಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಂಬೋರ್ಗಿನಿ ಹುರಾಕಾನ್ ಒಂದನ್ನು ಮನೆ ಮುಂದೆ ತಂದು ನಿಲ್ಲಿಸಿದೆ. ಅದು ಹೈಪರ್‌ಕಾರ್ ಅಲ್ಲ, ಗೊತ್ತು. ಆದರೆ ನಾನು ಬಿದ್ದ ಗುಂಡಿಯೂ ನೀವು ಬೀಳಲು ಹೊರಟಿರುವುದೂ ಒಂದೇ. ನಿಮ್ಮದು ಆಳ ಜಾಸ್ತಿ ಅಷ್ಟೇ.

ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದು, "ಎಷ್ಟ್ ಜನ ಕೂರಬೋದ್ಲಾ ಇದ್ರಲ್ಲಿ?" ಅಂದರು. ಇಬ್ಬರು ಅಂದೆ. "ಹಂಗಾದ್ರೆ ನಿಮ್ಮಮ್ಮ ಬಸ್ಸಲ್ಲಿ ಬತ್ತಾಳೆ ಬಿಡು" ಅಂತ ಒಳಗೆ ಹೋದರು.

ಈಗ ತಪ್ಪಿನ ವಿಷಯ. ಇದನ್ನು ಉದ್ದವಾಗಿ ಹೇಳುತ್ತೇನೆ, ಬೇಜಾರಾದರೂ ಓದಿ. ಆಗ ಕೆಎ ನಂಬರಿನ ಹುರಾಕಾನ್‌ಗಳೂ ಮಾರಾಟಕ್ಕಿದ್ದವು. ನನಗೆ ಒಬ್ಬ ಬ್ರೋಕರ್ ಪುದುಚೇರಿ ನಂಬರಿನ ಗಾಡಿ ತೋರಿಸಿದ. ಉಳಿದವುಗಳಿಗಿಂತ ಸುಮಾರು 40 ಲಕ್ಷ ಕಮ್ಮಿ. ಇಷ್ಟು ಕಮ್ಮಿ ಯಾಕೆ ಅಂದರೆ, "ಓನರ್‌ಗೆ ಅರ್ಜೆಂಟ್ ಇದೆ ಸಾರ್" ಅಂದ. ನಾನು ನಂಬಿದೆ. ಚೌಕಾಸಿ ಮಾಡಿ ಇನ್ನೂ ಸ್ವಲ್ಪ ಇಳಿಸಿದೆ, ಗೆದ್ದೆ ಅಂದುಕೊಂಡೆ.

ಆ 40 ಲಕ್ಷ ಓನರ್ ಬಿಟ್ಟುಕೊಟ್ಟ ದುಡ್ಡಲ್ಲ. ಕರ್ನಾಟಕಕ್ಕೆ ಯಾರೂ ಕಟ್ಟದೇ ಉಳಿದಿದ್ದ ಟ್ಯಾಕ್ಸ್. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ 18 ಪರ್ಸೆಂಟ್, ಮೇಲೆ ಸೆಸ್ ಸೇರಿದರೆ ಹತ್ತಿರ ಹತ್ತಿರ 20. ಪುದುಚೇರಿಯಲ್ಲಿ ಅದರ ಒಂದು ಚೂರು. ಅದಕ್ಕೇ ಅಲ್ಲಿ ಯಾವುದೋ ಬಾಡಿಗೆ ರೂಮಿನ ಅಡ್ರೆಸ್ ತೋರಿಸಿ ರಿಜಿಸ್ಟರ್ ಮಾಡಿಸುತ್ತಿದ್ದರು. 2017ರಲ್ಲಿ ಕೇರಳದ ಸಿನಿಮಾ ನಟರ ಕಾರುಗಳ ಮೇಲೆ ಇದೇ ವಿಷಯಕ್ಕೆ ಕೇಸಾಗಿ ಪೇಪರಿನಲ್ಲೆಲ್ಲ ಬಂದಿತ್ತು. ನಾನೂ ಓದಿದ್ದೆ. ಓದಿಯೂ ನನಗೆ ಹೊಳೆಯಲಿಲ್ಲ ನೋಡಿ.

ಬ್ರೋಕರ್ ನನಗೆ ಒಂದು ಉಪಾಯ ಹೇಳಿಕೊಟ್ಟಿದ್ದ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿದ್ದರೆ ಇಲ್ಲಿನ ನಂಬರ್ ಮಾಡಿಸಬೇಕು. ಆದ್ದರಿಂದ ವರ್ಷ ತುಂಬುವ ಮುಂಚೆ ಒಂದು ಸಲ ಹೊಸೂರು ದಾಟಿ ಬನ್ನಿ, ಟೋಲ್ ರಸೀದಿ ಇಟ್ಟುಕೊಳ್ಳಿ, ಯಾರು ಹಿಡಿದರೂ ಅದನ್ನು ತೋರಿಸಿ ಅಂದ. ನಾನು ರಸೀದಿಗಳನ್ನು ಫೈಲ್ ಮಾಡಿ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟಿದ್ದೆ.

2021ರಲ್ಲಿ ಒಂದು ಭಾನುವಾರ ಬೆಳಗ್ಗೆ ಬಳ್ಳಾರಿ ರಸ್ತೆಯಲ್ಲಿ ಸಾರಿಗೆ ಇಲಾಖೆಯವರು ನಿಲ್ಲಿಸಿದರು. ನಾನು ದೊಡ್ಡದಾಗಿ ಫೈಲ್ ತೆಗೆದೆ. ಆ ಅಧಿಕಾರಿ ಅದನ್ನು ಮುಟ್ಟಲೂ ಇಲ್ಲ. ಫೋನಿನಲ್ಲಿ ನನ್ನ ಗಾಡಿ ನಂಬರ್ ಹಾಕಿ ಟ್ರಾಫಿಕ್ ದಂಡದ ಪಟ್ಟಿ ತೆಗೆದು ನನ್ನ ಕಡೆ ತಿರುಗಿಸಿದರು. ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ ನೋ ಪಾರ್ಕಿಂಗ್. ಮೇಖ್ರಿ ಸರ್ಕಲ್‌ನಲ್ಲಿ ಸಿಗ್ನಲ್ ಜಂಪ್. ಮತ್ತೆ ನೋ ಪಾರ್ಕಿಂಗ್. ತಿಂಗಳು ತಿಂಗಳೂ, ವರ್ಷ ದಾಟಿ, ಎಲ್ಲಾ ಬೆಂಗಳೂರಿನದ್ದೇ. ನಾನೇ ಶಿಸ್ತಾಗಿ ಕಟ್ಟಿ ಮರೆತಿದ್ದ ದಂಡಗಳು. ಮಾತಾಡಲು ನನಗೆ ಏನೂ ಉಳಿಯಲಿಲ್ಲ. ಗಾಡಿ ವಶಕ್ಕೆ ತಗೊಂಡರು.

ಟ್ಯಾಕ್ಸ್ ಕಟ್ಟಿದರೆ ಮುಗಿಯಿತಲ್ಲ ಅಂತ ಧೈರ್ಯ ತಂದುಕೊಂಡೆ. ಲೆಕ್ಕ ಬಂದಾಗ ಗೊತ್ತಾಯಿತು. ನಾನು ಕಾರಿಗೆ ಕೊಟ್ಟಿದ್ದು 2 ಕೋಟಿ ಆಸುಪಾಸು. ಟ್ಯಾಕ್ಸ್ ಹಾಕಿದ್ದು ಅದರ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಇನ್‌ವಾಯ್ಸ್ ಮೇಲೆ. 2014ರಲ್ಲಿ ಹುರಾಕಾನ್ ನಮ್ಮ ದೇಶಕ್ಕೆ ಬಂದಾಗ ಎಕ್ಸ್ ಶೋರೂಮ್ ಬೆಲೆ 3.43 ಕೋಟಿ. ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಸ್ವಲ್ಪ ಕಡಿತ ಕೊಡುತ್ತಾರೆ. ಆ ಕಡಿತ ಕಳೆದು, ದಂಡ ಕೂಡಿಸಿ, ಅರ್ಧ ಕೋಟಿ ದಾಟಿತು. ಅಂದರೆ ಉಳಿಸಿದೆ ಅಂದುಕೊಂಡಿದ್ದಕ್ಕಿಂತ ಜಾಸ್ತಿ.

ಅದೂ ಹೋಗಲಿ. ನಿಜವಾದ ಪೆಟ್ಟು ಬಿದ್ದಿದ್ದು ಎನ್‌ಒಸಿ, ಅಂದರೆ ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಅಡ್ಡಿಯಿಲ್ಲ ಅನ್ನುವ ಪತ್ರದ ವಿಷಯದಲ್ಲಿ. ಇಲ್ಲಿ ಹೊಸ ನಂಬರ್ ಬೇಕಾದರೆ ಹಳೇ ಆರ್‌ಟಿಒದಿಂದ ಎನ್‌ಒಸಿ ತರಬೇಕು. ಎನ್‌ಒಸಿಗೆ ಅರ್ಜಿ ಹಾಕಬೇಕಾದವರು ಆರ್‌ಸಿಯಲ್ಲಿ ಹೆಸರಿರುವವರು. ಆರ್‌ಸಿಯಲ್ಲಿ ನನ್ನ ಹೆಸರೇ ಇರಲಿಲ್ಲ! ಪೂರ್ತಿ ದುಡ್ಡು ಕೊಟ್ಟಿದ್ದೆ, ಬ್ರೋಕರ್ ಸಹಿ ಹಾಕಿಸಿದ ಖಾಲಿ ಫಾರಂಗಳನ್ನು ಕೊಟ್ಟಿದ್ದ, ಯಾವಾಗ ಬೇಕಾದರೂ ಟ್ರಾನ್ಸ್‌ಫರ್ ಮಾಡಿಸಬಹುದು ಅಂದಿದ್ದ. ಹುಡುಗಿ ಒಪ್ಪುವ ಮುಂಚೆ ಛತ್ರಕ್ಕೆ ದುಡ್ಡು ಕಟ್ಟಿದ ಹಾಗೆ ನನ್ನ ಕೆಲಸ. ಈಗ ಆ ಓನರ್ ಫೋನ್ ತೆಗೆಯುತ್ತಿಲ್ಲ. ಬ್ರೋಕರ್ ಅಂಗಡಿ ಬದಲಾಯಿಸಿದ್ದಾನೆ. ಕಾರು ಬಿಸಿಲಲ್ಲಿ ನಿಂತಿದೆ. ಓನರ್‌ನನ್ನು ಹುಡುಕಿ, ಅವನ ಕೈಲಿ ಸಹಿ ಹಾಕಿಸಲು ಮತ್ತೆ ದುಡ್ಡು ಕೊಟ್ಟು, ವಕೀಲರಿಗೆ ಕೊಟ್ಟು, ಗಾಡಿ ಬಿಡಿಸಿಕೊಂಡು ಬರುವಷ್ಟರಲ್ಲಿ ಅದರ ಮೇಲಿನ ಆಸೆಯೇ ಹೋಗಿತ್ತು. ಪುದುಚೇರಿಯಲ್ಲಿ ಕಟ್ಟಿದ್ದ ಟ್ಯಾಕ್ಸ್ ವಾಪಸ್ ಕೇಳಬಹುದು ಅಂತ ಯಾರೋ ಹೇಳಿದರು. ಕಟ್ಟಿದ್ದೇ ಚಿಲ್ಲರೆ, ವಾಪಸ್ ಏನು ಬರುತ್ತದೆ?

ಹಾಗಾಗಿ ಎಷ್ಟೇ ಕಮ್ಮಿಗೆ ಸಿಕ್ಕರೂ, ಆರ್‌ಸಿ ನಿಮ್ಮ ಹೆಸರಿಗೆ ಬರುವ ಮುಂಚೆ ಅಥವಾ ಕನಿಷ್ಠ ಎನ್‌ಒಸಿ ಕೈಗೆ ಬರುವ ಮುಂಚೆ ಪೂರ್ತಿ ದುಡ್ಡು ಕೊಡಬೇಡಿ. ನಾನೊಬ್ಬನೇ ದಡ್ಡ ಅಂದುಕೊಳ್ಳಬೇಡಿ. 2025ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಫೆರಾರಿ ಎಸ್‌ಎಫ್90 ಒಂದಕ್ಕೆ 1.41 ಕೋಟಿ ಟ್ಯಾಕ್ಸ್ ಕಟ್ಟಿಸಿದರು.

ನೀವು ಹೊಸ ಕಾರು ತಗೊಳ್ಳುವವರು, ಇದೆಲ್ಲ ನಿಮಗೆ ಯಾಕೆ ಅನ್ನಿಸಬಹುದು. ಯಾಕೆಂದರೆ ನಿಮ್ಮ 14 ಕೋಟಿಯೂ ಬಹುಪಾಲು ಟ್ಯಾಕ್ಸೇ. ಲೆಕ್ಕ ನೋಡಿ. ಕಾರು ನಮ್ಮ ಬಂದರಿಗೆ ಬಂದಾಗ 4 ಕೋಟಿ ಅಂತ ಇಟ್ಟುಕೊಳ್ಳಿ. ಪೂರ್ತಿ ತಯಾರಾಗಿ ಬರುವ ದುಬಾರಿ ಕಾರಿಗೆ ಕಸ್ಟಮ್ಸ್ ಒಟ್ಟು 110 ಪರ್ಸೆಂಟ್. 2025ರ ಬಜೆಟ್‌ನಲ್ಲಿ ಮೂಲ ಸುಂಕ 70ಕ್ಕೆ ಇಳಿಯಿತು ಅಂತ ಜನ ಖುಷಿಪಟ್ಟರು, ಪಕ್ಕದಲ್ಲೇ 40 ಪರ್ಸೆಂಟ್ ಕೃಷಿ ಸೆಸ್ ಕೂತಿದ್ದನ್ನು ಓದಿದವರು ಕಮ್ಮಿ. (ರೈತನ ಮಗನಾಗಿ ನನಗೆ ಅದು ಓದಿ ನಗು ಬಂತು.) 4 ಕೋಟಿ 8.4 ಆಯಿತು. ಅದರ ಮೇಲೆ 40 ಪರ್ಸೆಂಟ್ ಜಿಎಸ್‌ಟಿ, 11.76 ಕೋಟಿ. ಅದರ ಮೇಲೆ ನಮ್ಮ ರಾಜ್ಯದ 20 ಪರ್ಸೆಂಟ್, 14 ಕೋಟಿ ದಾಟಿತು. ಡೀಲರ್ ಲಾಭ, ಇನ್ಶೂರೆನ್ಸ್ ಇನ್ನೂ ಸೇರಿಸಿಲ್ಲ. 14ರಲ್ಲಿ ಕಾರು 4, ಟ್ಯಾಕ್ಸ್ 10.

ಈಗ ಬೆಲೆ ಏರುವ ಮಾತು. ಏರುವುದು ಸುಳ್ಳಲ್ಲ. 106 ಮಾತ್ರ ತಯಾರಾದ ಮೆಕ್‌ಲಾರೆನ್ ಎಫ್1 ಕಾರುಗಳಲ್ಲಿ ಒಂದು 2021ರಲ್ಲಿ ಅಮೆರಿಕದ ಪೆಬಲ್ ಬೀಚ್ ಹರಾಜಿನಲ್ಲಿ 2 ಕೋಟಿ ಡಾಲರ್‌ಗೂ ಮೇಲೆ ಹೋಯಿತು. ಆದರೆ ಅಲ್ಲಿ ಕೂಗುವವರು ಇಡೀ ಪ್ರಪಂಚದ ಶ್ರೀಮಂತರು. ಅವರಿಗೆ ನಿಮ್ಮ ಕಾರು ಬರೀ 4 ಕೋಟಿಯ ಕಾರು. ನೀವು ಕಟ್ಟಿದ 10 ಕೋಟಿ ಟ್ಯಾಕ್ಸ್ ಅವರಿಗೆ ಯಾಕೆ ಬೇಕು? ಹೊರಗಿನ ಬೆಲೆ ಎರಡು ಪಟ್ಟಾದರೂ 8 ಕೋಟಿ, ನೀವು ಇನ್ನೂ 6 ಕೋಟಿ ಹಿಂದೆ. ಹಾಗಾಗಿ ನೀವು ಮಾರಬೇಕಾಗಿರುವುದು ಇಲ್ಲಿನವರಿಗೇ, ಆ ಮಟ್ಟದ ಗಿರಾಕಿ ಇಡೀ ದೇಶದಲ್ಲಿ ಬೆರಳೆಣಿಕೆ. ಜೊತೆಗೆ ಬ್ರಿಟನ್ ಜೊತೆ 2025ರಲ್ಲಿ ಸಹಿಯಾದ ಒಪ್ಪಂದದಲ್ಲಿ ಕೋಟಾದೊಳಗೆ ಬರುವ ಕಾರುಗಳ ಸುಂಕವನ್ನು 10 ಪರ್ಸೆಂಟ್‌ಗೆ ಇಳಿಸುವ ಮಾತಿದೆ. ಇಂಥ ಒಪ್ಪಂದದಲ್ಲಿ ನೀವು ನೋಡಿರುವ ಥರದ ಕಾರಿಗೆ ಸುಂಕ ಇಳಿದ ದಿನ, ಹಳೇ ಸುಂಕ ಕಟ್ಟಿದ ಕಾರಿನ ಬೆಲೆ ಏನಾಗುತ್ತದೆ ಯೋಚಿಸಿ. ಹೂಡಿಕೆ ಅಂತ ಹೇಳಿದ ಡೀಲರ್‌ಗೆ, ಐದು ವರ್ಷ ಆದ ಮೇಲೆ ಇದೇ ಬೆಲೆಗೆ ವಾಪಸ್ ತಗೊಳ್ಳುತ್ತೀನಿ ಅಂತ ಬರೆದುಕೊಡಿ ಅನ್ನಿ. ಮುಖ ನೋಡುವ ಹಾಗಿರುತ್ತದೆ.

ಓಡಿಸುವ ಸುಖಕ್ಕೆ ಅಂತೀರಾ? ಎಲ್ಲಿ? 2022ರಲ್ಲಿ ಟ್ರಾಫಿಕ್ ಲೆಕ್ಕ ಇಡುವ ಟಾಮ್‌ಟಾಮ್ ಕಂಪನಿಯವರು ಅಳೆದಾಗ ಬೆಂಗಳೂರಿನ ನಡುಮಧ್ಯೆ 10 ಕಿ.ಮೀ. ಹೋಗಲು 29 ನಿಮಿಷ ಬೇಕಾಗಿತ್ತು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ತುಂಬ ಕ್ಯಾಮೆರಾ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್. ನನ್ನ ಹುರಾಕಾನ್‌ಗೆ 130 ಅಂದರೆ ಆಕಳಿಕೆ. ರೇಸ್ ಟ್ರ್ಯಾಕ್ ಬೇಕಾದರೆ ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟೈಗೆ ಹೋಗಬೇಕು, ರೇಸಿನಲ್ಲಿ ಏನಾದರೂ ಆದರೆ ಮಾಮೂಲಿ ಇನ್ಶೂರೆನ್ಸ್ ಬರುವುದಿಲ್ಲ.

ಇನ್ನು ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದಲ್ಲಿ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ನಿಧಾನಕ್ಕೆ ಏರಿ ಇಳಿಯಬೇಕು. ನಮ್ಮ ಲೇಔಟಿನದ್ದು ಯಾರೋ ರಾತ್ರೋರಾತ್ರಿ ಉಳಿದ ಕಾಂಕ್ರೀಟ್ ಸುರಿದು ಮಾಡಿದ್ದು. ಕಾರಿನ ಮೂತಿ ಎತ್ತುವ ಬಟನ್ ಇರುತ್ತದೆ, ಎತ್ತುವುದು ನಾಲ್ಕು ಸೆಂ.ಮೀ. ಆಸುಪಾಸು. ನಾನು ಅಡ್ಡಡ್ಡ ಹತ್ತಿಸುವಾಗ ಹಿಂದಿನಿಂದ ಆಟೋದವರು ಹಾರ್ನ್ ಹೊಡೆದು ಬೈದಿದ್ದೇ ಬೈದಿದ್ದು. ಬೇಸ್‌ಮೆಂಟ್ ಪಾರ್ಕಿಂಗ್ ಆದರೆ ರ‍್ಯಾಂಪ್ ಮೊದಲು ಅಳತೆ ಮಾಡಿಸಿ. ಮಳೆ ನೀರು ನುಗ್ಗುತ್ತದಾ ಅದನ್ನೂ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು ಕಡೆಯ ವಿಲ್ಲಾಗಳಲ್ಲಿ ಎಂಥೆಂಥ ಕಾರುಗಳು ಮುಳುಗಿದವು ಅಂತ ನೋಡಿದ್ದೀರಲ್ಲ.

ಹೈಪರ್‌ಕಾರ್ ಒಂದಾ, ಸೂಪರ್‌ಕಾರ್ ಮೂರಾ ಅನ್ನುವ ನಿಮ್ಮ ಲೆಕ್ಕವೇ ನನಗೆ ಒಪ್ಪಿಗೆ ಇಲ್ಲ. ಮೂರು ತಗೊಂಡರೆ ಮೂರು ಇನ್ಶೂರೆನ್ಸ್, ಮೂರು ಬ್ಯಾಟರಿ ಚಾರ್ಜರ್, ಓಡಿಸುವುದು ಮಾತ್ರ ಭಾನುವಾರದ ಒಂದು. ನನ್ನ ಕೇಳಿದರೆ ಒಂದು ಪೋರ್ಷೆ 911 ತಗೊಳ್ಳಿ, ಹೊಸದು, ಕೆಎ ನಂಬರ್, ನಿಮ್ಮದೇ ಹೆಸರಿಗೆ. ಒಂದು ವರ್ಷ ಆಫೀಸಿಗೂ ಅದರಲ್ಲೇ ಹೋಗಿ. ಆಮೇಲೂ ಆಸೆ ಉಳಿದಿದ್ದರೆ ದೊಡ್ಡದು ತಗೊಳ್ಳಿ, 14 ಕೋಟಿ ಖರ್ಚಾಯಿತು ಅಂತ ಬರೆದು ತಗೊಳ್ಳಿ. ಖರ್ಚು ಮಾಡಲು ದುಡ್ಡಿದ್ದರೆ ಅದರಲ್ಲಿ ತಪ್ಪೇನಿಲ್ಲ, ನಾನು ಉಪದೇಶ ಮಾಡುವವನಲ್ಲ. ಇಂಜಿನ್ ಸ್ಟಾರ್ಟ್ ಮಾಡಿದಾಗ ಬರುತ್ತಿದ್ದ ಆ ಸದ್ದು ನನಗೂ ಇನ್ನೂ ಇಷ್ಟ.

ಒಂದು ವಿಷಯ, ನೀವು ಮಾಡೆಲ್ ಹೆಸರು ಬರೆದಿಲ್ಲ. ಸ್ಟಿಯರಿಂಗ್ ಯಾವ ಕಡೆ ಇದೆ ಅಂತ ಮೊದಲು ಕೇಳಿ. ನಮ್ಮ ದೇಶಕ್ಕೆ ಮಾರಾಟಕ್ಕೆ ಬರುವ ಹೊಸ ಕಾರಿಗೆ ಸ್ಟಿಯರಿಂಗ್ ಬಲಗಡೆಯೇ ಇರಬೇಕು. ಬುಗಾಟಿ ಶಿರಾನ್, ಫೆರಾರಿ ಲಾಫೆರಾರಿ ಇವೆಲ್ಲ ಎಡಗಡೆ ಮಾತ್ರ ಬಂದವು. ಡೀಲರ್ "ಬುಕ್ ಮಾಡಿ ಸಾರ್, ಆಮೇಲೆ ಮ್ಯಾನೇಜ್ ಮಾಡೋಣ" ಅಂದರೆ ಅವರು ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ.