ರುದ್ರಣ್ಣನ ಕೊರಳಲ್ಲಿ ಲಿಂಗ ಇತ್ತೋ ಇಲ್ಲವೋ?

ಹೊಳಲ್ಕೆರೆಯಿಂದ ‘ನಾಸ್ತಿಕ ರುದ್ರಣ್ಣ’ ಕಥೆ ಕಳಿಸಿದ ಗೆಳೆಯರಿಗೆ ನಮಸ್ಕಾರ.

ನಿಮ್ಮ ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪು ಕಡಿಮೆ. ಮೊದಲ ಪುಟದಲ್ಲಿ ಬರುವ ನಮ್ಮ ಕಡೆಯ ಬಿಸಿಲು ನಿಜವಾದ ಬಿಸಿಲು. ಆದರೂ ಕಥೆಯನ್ನು ವಾಪಸ್ ಕಳಿಸುತ್ತಿದ್ದೇನೆ. ಸಾಮಾನ್ಯವಾಗಿ ಇಂಥ ಹೊತ್ತಲ್ಲಿ ಎರಡು ಸಾಲು ಗೀಚಿ ಕೈತೊಳೆದುಕೊಳ್ಳುವವನು ನಾನು. ನಿಮ್ಮ ಕಥೆ ಸಿಟ್ಟು ಬರಿಸಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈ ಅಂಕಣ ಓದುವ ಬೇರೆಯವರಿಗೂ ಗೊತ್ತಾಗಲಿ, ಕಥೆ ಇಷ್ಟು. ಇಸವಿ 1902. ದಾವಣಗೆರೆ ಹತ್ತಿರದ ಒಂದು ಹಳ್ಳಿ. ಪ್ಲೇಗ್ ಬಂದಿದೆ. ರುದ್ರಣ್ಣ ಲಿಂಗಾಯತರ ಮನೆಯ ಹುಡುಗ, ದೇವರನ್ನು ನಂಬುವುದಿಲ್ಲ. ಊರವರು ಮಾರಿಗೆ ಕೋಣ ಕೊಡಲು ಹೊರಟಾಗ ಗುಡಿ ಮುಂದೆ ನಿಂತು ಭಾಷಣ ಮಾಡುತ್ತಾನೆ. ಯಾರೂ ಕೇಳುವುದಿಲ್ಲ. ಅವನ ತಾಯಿ ಪ್ಲೇಗಿಗೆ ಸಾಯುತ್ತಾಳೆ. ಅವನು ರೈಲು ಹತ್ತಿ ಊರು ಬಿಡುತ್ತಾನೆ.

ಭಾಷಣದ ಮೊದಲ ಸಾಲು ನೋಡಿ: ‘ಮಾರಿಯಲ್ಲ ಮೂಢರೇ, ಇಲಿಯ ಮೈಮೇಲಿನ ಚಿಗಟ ಈ ರೋಗ ತರುವುದು!’

ಇದು ರುದ್ರಣ್ಣನಿಗೆ ಹೇಗೆ ಗೊತ್ತು? ಪ್ಲೇಗ್ ಬೆಂಗಳೂರಿಗೆ ಕಾಲಿಟ್ಟಿದ್ದು 1898ರಲ್ಲಿ. ಚಿಗಟದ ಮೇಲೆ ಅನುಮಾನಪಟ್ಟು ಸೀಮೋಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿದ್ದೂ ಅದೇ ವರ್ಷ. ದೊಡ್ಡ ದೊಡ್ಡ ಡಾಕ್ಟರುಗಳೇ ಅವನ ಮಾತಿಗೆ ಬೆಲೆ ಕೊಡಲಿಲ್ಲ. ಸರ್ಕಾರ ಮತ್ತೆ ತಜ್ಞರನ್ನು ಕೂರಿಸಿ, 1905ರ ನಂತರ ಸಾಲು ಸಾಲು ಪ್ರಯೋಗ ನಡೆಸಿದ ಮೇಲೆ ಅದು ಖಾತ್ರಿಯಾಯಿತು. 1902ರಲ್ಲಿ ಲಂಡನ್ನಿನ ಡಾಕ್ಟರೇ ನಂಬದ ವಿಷಯ ನಿಮ್ಮ ಹಳ್ಳಿ ಹುಡುಗನ ಬಾಯಲ್ಲಿ ಬಂದಿದೆ. ನಿಮ್ಮ ಹೈಸ್ಕೂಲಿನ ಪಾಠವನ್ನು ಅವನ ಬಾಯಿಗೆ ತುರುಕಿ ಅವನನ್ನು ಗೆಲ್ಲಿಸಿದ್ದೀರಿ. ಇದು ಮೋಸ ಅಲ್ವಾ?

ಜಾಸ್ತಿ ಬೇಜಾರಾಗಿದ್ದು ಎದುರು ಪಕ್ಷಕ್ಕೆ ನೀವು ಮಾಡಿದ ಅನ್ಯಾಯ ಕಂಡು. ಊರವರೆಲ್ಲ ಗುಡಿ ಮುಂದೆ ಕೈಕಟ್ಟಿ ಕೂತು ಸಾವಿಗೆ ಕಾಯುತ್ತಾರೆ ಎಂದು ಬರೆದಿದ್ದೀರಿ. ಸುಳ್ಳು. ‘ಇಲಿ ಬಿದ್ದರೆ ಊರು ಬಿಡು’ ಅನ್ನುವುದನ್ನು ನಮ್ಮ ಹಳ್ಳಿಯವರು ಬಲುಬೇಗ ಕಲಿತರು. ಸೂರಿನಿಂದ ಇಲಿ ಸತ್ತು ಬಿದ್ದರೆ ಸಾಕು, ಊರಿಗೆ ಊರೇ ಖಾಲಿ. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಮಾರಿಗೆ ಹರಕೆ ಹೊತ್ತ ಅದೇ ಅಜ್ಜಿ ಮೊಮ್ಮಕ್ಕಳನ್ನು ಮೊದಲು ಹೊಲಕ್ಕೆ ಸಾಗಿಸಿರುತ್ತಾಳೆ. ದೇವಿಯನ್ನು ನಂಬಿದವಳೂ ಅವಳೇ, ಇಲಿಯನ್ನು ಗಮನಿಸಿದವಳೂ ಅವಳೇ. ಅವಳು ನಿಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ. ಇರುವ ಪೂಜಾರಿ ಎರಡು ಸಲ ‘ಅಟ್ಟಹಾಸದಿಂದ’ ನಗುತ್ತಾನೆ, ಅಷ್ಟೇ ಅವನ ಕೆಲಸ. ವಿಜಯನಗರ ಕಾಲದ ಮಾಧವರು ಬೇರೆ ಬೇರೆ ಮತಗಳ ವಾದ ಹೇಳುವ ‘ಸರ್ವದರ್ಶನಸಂಗ್ರಹ’ವನ್ನು ದೇವರಿಲ್ಲ ಅನ್ನುವ ಚಾರ್ವಾಕರಿಂದಲೇ ಶುರು ಮಾಡಿದರು. ತಾವು ಒಪ್ಪದ ಮತ. ಆದರೂ ಅವರ ವಾದವನ್ನು ಪೂರ್ತಿ ಹೇಳಲು ಬಿಟ್ಟರು. ದೇವರಿಲ್ಲ ಅಂದವರ ಮಾತು ನಮ್ಮವರೆಗೆ ಬಂದಿದ್ದೇ ಬಹುಪಾಲು ಅವರನ್ನು ಖಂಡಿಸಿದವರ ಪುಸ್ತಕಗಳಿಂದ. ಮಾಧವರು ಚಾರ್ವಾಕನಿಗೆ ಕೊಟ್ಟಷ್ಟು ಜಾಗವನ್ನು ನೀವು ಪೂಜಾರಿಗೆ ಕೊಡಲಿಲ್ಲ.

ಭಾಷಣದ ಎರಡನೇ ಸಾಲು. ‘ಕಲ್ಲ ನಾಗರ ಕಂಡರೆ ಹಾಲನೆರೆಯೆಂಬರು’ ವಚನ ಹೇಳಿ, ರುದ್ರಣ್ಣ ‘ಬಸವಣ್ಣನೇ ದೇವರಿಲ್ಲ ಎಂದ’ ಅನ್ನುತ್ತಾನೆ. ಎಲ್ಲಿ ಅಂದ? ಅದೇ ವಚನ ಮುಂದೆ ಓದಿ. ಹಸಿದು ಬಂದ ಜಂಗಮನನ್ನು ಓಡಿಸಿ ಉಣ್ಣದ ಲಿಂಗಕ್ಕೆ ಎಡೆ ಹಿಡಿಯುವವರ ಮೇಲಿನ ಸಿಟ್ಟು ಅದು. ಕೊನೆಗೆ ಕೂಡಲಸಂಗನ ಶರಣರು ಬರುತ್ತಾರೆ. ಹನ್ನೆರಡನೇ ಶತಮಾನದ ಆ ಸಿಟ್ಟು ಭಕ್ತನ ಸಿಟ್ಟು. ರುದ್ರಣ್ಣ ಇದನ್ನು ‘ಪುಸ್ತಕದಲ್ಲಿ ಓದಿದೆ’ ಎಂದೂ ಹೇಳುತ್ತಾನೆ. ಹಳಕಟ್ಟಿಯವರು ತಾಳೆಗರಿ ಹುಡುಕಿ ವಚನಗಳ ದೊಡ್ಡ ಸಂಗ್ರಹ ಅಚ್ಚು ಹಾಕಿಸಿದ್ದು 1920ರ ದಶಕದಲ್ಲಿ. 1902ರಲ್ಲಿ ಅವನು ಆ ವಚನವನ್ನು ಮಠದಲ್ಲೋ ಭಜನೆಯಲ್ಲೋ ಕೇಳಿರುವ ಸಂಭವವೇ ಹೆಚ್ಚು, ಅಂದರೆ ಭಕ್ತರ ಬಾಯಿಂದಲೇ. ಅದು ಎಷ್ಟು ಒಳ್ಳೆಯ ಇಕ್ಕಟ್ಟು! ತನ್ನ ಅನುಮಾನಕ್ಕೆ ಬೇಕಾದ ಮಾತನ್ನೂ ಅವನು ಭಕ್ತರಿಂದಲೇ ಕಡ ತರಬೇಕು. ಅದನ್ನು ನೀವು ಕೈಬಿಟ್ಟಿರಿ.

ಮೂರನೇ ಸಾಲು: ‘ದೇವರನ್ನು ನಂಬದಿರುವುದು ನನ್ನ ವೈಯಕ್ತಿಕ ವಿಷಯ.’ ಇಲ್ಲಿ ಕೆಂಪು ಪೆನ್ನು ಕೈಗೆ ಬಂತು. ಆ ಕಾಲದ ಹಳ್ಳಿಯಲ್ಲಿ ವೈಯಕ್ತಿಕ ವಿಷಯ ಅಂತ ಯಾವುದಿತ್ತು? ರುದ್ರಣ್ಣ ಸ್ನಾನ ಮಾಡಿದ್ದು, ಉಂಡಿದ್ದು ನಿಮ್ಮ ಕಥೆಯಲ್ಲಿ ಬರುತ್ತದೆ. ಲಿಂಗಪೂಜೆ ಆಗದೆ ಆ ಮನೆಯಲ್ಲಿ ಅವನಿಗೆ ತಟ್ಟೆ ಇಟ್ಟವರು ಯಾರು? ಅವನ ಕೊರಳಲ್ಲಿ ಲಿಂಗ ಇದೆಯೋ ಇಲ್ಲವೋ? ಹನ್ನೊಂದು ಪುಟದಲ್ಲಿ ಒಂದು ಕಡೆಯೂ ಹೇಳಿಲ್ಲ. ಇದ್ದರೆ, ನಂಬದ ದೇವರನ್ನು ಎದೆ ಮೇಲೆ ಹೊತ್ತು ತಿರುಗುವ ಹುಡುಗ ಅವನು. ರಾತ್ರಿ ಮಗ್ಗುಲಾದಾಗ ಲಿಂಗವಿಡುವ ಡಬ್ಬಿ, ಆ ಕರಡಿಗೆ, ಎದೆಗೆ ಒತ್ತುತ್ತದೆ. ತೆಗೆದಿಟ್ಟಿದ್ದರೆ ಎಲ್ಲಿಟ್ಟ? ಅಟ್ಟದ ಮೇಲೋ, ಪೆಟ್ಟಿಗೆಯಲ್ಲೋ? ಬರಿಗೊರಳನ್ನು ಮೊದಲು ಕಂಡವಳು ಅವ್ವನಾ? ಅವಳು ಊರಿಗೆ ಗೊತ್ತಾಗಬಾರದು ಅಂತ ಅವನಿಗೆ ಲಿಂಗವಿಲ್ಲದ ಬರೀ ದಾರ, ಶಿವದಾರ ಹಾಕಿ ಕಳಿಸಿದಳಾ? ಗೊತ್ತಾದರೆ ಪಂಕ್ತಿಯಲ್ಲಿ ಎಲೆ ಇಲ್ಲ, ಯಾರೂ ಹೆಣ್ಣು ಕೊಡುವುದಿಲ್ಲ, ಸತ್ತರೆ ಹೊರಲು ಜನ ಇಲ್ಲ. ಭಾಷಣ ಕೇಳಿ ಊರು ನಗಬಹುದು. ಬರಿಗೊರಳು ಕಂಡರೆ ನಗುವುದಿಲ್ಲ.

ಇನ್ನು ನನ್ನನ್ನು ನಿಜಕ್ಕೂ ಕೆಣಕಿದ ಸಾಲು. ಹತ್ತನೇ ಪುಟ, ಕೆಳಗಿನಿಂದ ಮೂರನೆಯದು: ‘ತಾಯಿಯ ಅಂತ್ಯಕ್ರಿಯೆ ಮುಗಿಯಿತು.’

ಮುಗಿಸಿದವರು ಯಾರು ಸ್ವಾಮಿ?

ನಾನು ಈ ಕೆಲಸ ಕಲಿತಿದ್ದು ದಾವಣಗೆರೆಯ ಒಂದು ವಾರಪತ್ರಿಕೆಯಲ್ಲಿ. ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ನಾನು ಪ್ರೂಫ್ ನೋಡುವ ಹುಡುಗ. ನಮ್ಮ ಹಿರಿಯ ಕಂಪೋಸಿಟರ್ ಬೆಳಿಗ್ಗೆ ಟ್ರೆಡಲ್ ಮಷೀನಿಗೆ ಊದುಬತ್ತಿ ಹಚ್ಚದೆ ಮೊಳೆ ಮುಟ್ಟುತ್ತಿರಲಿಲ್ಲ. ದುಗ್ಗಮ್ಮನ ಜಾತ್ರೆ ಬಂದರೆ ರಜೆಯನ್ನೂ ಕೇಳುತ್ತಿರಲಿಲ್ಲ, ಸುಮ್ನೆ ಹೊರಟುಬಿಡುತ್ತಿದ್ದರು. ಒಮ್ಮೆ ಯಾರೋ ದೇವರೇ ಇಲ್ಲವೆಂದು ಉದ್ದನೆ ಲೇಖನ ಕಳಿಸಿದ್ದರು. ಅದನ್ನೂ ಅವರೇ ಜೋಡಿಸಿದರು, ಒಂದು ಒತ್ತಕ್ಷರವೂ ತಪ್ಪಲಿಲ್ಲ. ಗ್ಯಾಲಿ ಪ್ರೂಫ್ ನನ್ನ ಮುಂದಿಟ್ಟು, ಮಸಿ ಕೈ ಒರೆಸಿಕೊಳ್ಳುತ್ತಾ ಕೇಳಿದರು: ‘ಎಲ್ಲಾ ಸರಿ ಬರ್ದಾರೆ ತಮ್ಮಾ. ಇವ್ರ ಮನ್ಯಾಗೆ ಯಾರಾದ್ರೂ ಹೋದ್ರೆ ಮಣ್ಣು ಹೆಂಗೆ ಮಾಡ್ತಾರಂತೆ? ಅದೊಂದು ಬರ್ದಿಲ್ಲ.’ ಸಂಪಾದಕರು ಒಳಗಿಂದ ಕೇಳಿಸಿಕೊಂಡು, ಅದೇ ಪ್ರಶ್ನೆ ಬರೆದು ಲೇಖಕರಿಗೆ ಕಾರ್ಡು ಹಾಕಿಸಿದರು. ಬರೆದವನು ನಾನೇ. ಲೇಖಕರು ಮೂರು ವಾರ ಬಿಟ್ಟು ಉತ್ತರಿಸಿದರು. ಅದು ಮೊದಲಿನ ಲೇಖನದ ಅರ್ಧ ಉದ್ದವೂ ಇರಲಿಲ್ಲ. ತಮ್ಮ ತಂದೆಯ ಮಣ್ಣಿನ ದಿನದ್ದು. ಅದನ್ನೇ ಅಚ್ಚು ಹಾಕಿದೆವು, ಉದ್ದನೆಯದನ್ನು ಬಿಟ್ಟೆವು.

ನಿಮ್ಮ ಕಥೆ ಆ ಒಂದು ಸಾಲಿನೊಳಗೆ ಸಿಕ್ಕಿಕೊಂಡಿದೆ. ಪ್ಲೇಗಿನ ಹೆಣ ಮುಟ್ಟಲು ಎಲ್ಲರಿಗೂ ಹೆದರಿಕೆ. ಅವ್ವ ಭಕ್ತೆ, ಅವಳಿಗೆ ತನ್ನ ಪದ್ಧತಿಯಂತೆ ಮಣ್ಣಾಗಬೇಕು. ಗುಣಿ ತೆಗೆಯಬೇಕು, ಕೂರಿಸಿ ಇಳಿಸಬೇಕು, ವಿಭೂತಿ, ಪತ್ರೆ ಬೇಕು, ಪೂಜೆ ಮಾಡಿಸುವ ಐನೋರು ಬರಬೇಕು. ಊರು ಖಾಲಿಯಾಗಿದೆ. ರುದ್ರಣ್ಣ ಐನೋರ ಗುಡಿಸಲಿಗೆ ಹೋಗಿ ಕರೆಯುತ್ತಾನಾ? ಕರೆದರೆ ಅವರು ‘ನಿನಗೆ ಯಾಕಪ್ಪಾ ಇದೆಲ್ಲ’ ಅನ್ನುತ್ತಾರಾ, ಅಥವಾ ಒಂದೂ ಮಾತಾಡದೆ ಜೋಳಿಗೆ ಎತ್ತಿಕೊಂಡು ಬರುತ್ತಾರಾ? ಕರೆಯದಿದ್ದರೆ, ಅವ್ವನ ಅಂಗೈಯಲ್ಲಿ ಲಿಂಗ ಇಡುವ ಕೈ ಯಾವುದು? ಎರಡರಲ್ಲಿ ಯಾವುದನ್ನು ಬರೆದರೂ ನನ್ನ ತಕರಾರಿಲ್ಲ. ಅವನು ದೇವರನ್ನು ಒಪ್ಪಿಕೊಂಡು ಬಗ್ಗಬೇಕು ಅಂತಲೂ ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಮತ್ತೆ ವಾಪಸ್ ಕಳಿಸುತ್ತೇನೆ.

ಭಾಷಣ ಪೂರ್ತಿ ತೆಗೆಯಿರಿ. ಕೋಣದ ಪ್ರಸಂಗ ಅರ್ಧಕ್ಕಿಳಿಸಿ. ಪೂಜಾರಿಯ ಬದಲು ಆ ಅಜ್ಜಿಗೆ ಜಾಗ ಕೊಡಿ. ರೈಲು ಬೇಕಾದರೆ ಇರಲಿ. ದೀಪಾವಳಿ ಸಂಚಿಕೆಗೆ ಇನ್ನೂ ಸಮಯವಿದೆ, ತಿಂಗಳೊಳಗೆ ಕಳಿಸಿ. ಈ ಸಲ ಟೈಪ್ ಮಾಡಿ ಕಳಿಸಿ. ವಾಟ್ಸಾಪಿನಲ್ಲಿ ನೋಟ್‌ಬುಕ್ಕಿನ ಫೋಟೊ ಬೇಡ, ಆರನೇ ಪುಟದ ಮೇಲೆ ನಿಮ್ಮ ಹೆಬ್ಬೆರಳೇ ಕೂತಿತ್ತು.