ಸಂಪಾದಕರ ಉತ್ತರ: ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಎಂದರೆ

ಕೇರಳದ ಮಂಜೇಶ್ವರ ಉಪಜಿಲ್ಲೆಯ ಹೈಸ್ಕೂಲೊಂದರ ಪಿಟಿಎ (ಶಿಕ್ಷಕ-ರಕ್ಷಕ ಸಂಘ) ಸದಸ್ಯರ ಪತ್ರ: ಮಕ್ಕಳ ಹೊಡೆದಾಟ, ಪೀಡನೆ ತಡೆಯಲು ವರ್ಷವಿಡೀ ನಡೆಯುವ ಕಾರ್ಯಕ್ರಮ ಬೇಕೆಂದು ಕೇಳಿದಾಗ ‘ನಮ್ಮಲ್ಲಿ ಅಂಥದ್ದೇನೂ ಇಲ್ಲ, ಎಸ್‌ಪಿಸಿ (ಸ್ಟೂಡೆಂಟ್ ಪೊಲೀಸ್ ಕೆಡೆಟ್) ಇದೆಯಲ್ಲ’ ಎಂದು ಹೆಡ್‌ಮಾಸ್ಟರು ಮಾತು ಮುಗಿಸಿದರಂತೆ. ಇನ್ನೇನು ಮಾಡುವುದು?

ಮಾನ್ಯರೇ,

ವಾದಕ್ಕಿಳಿಯಬೇಡಿ. ಜಗಳ ಇದೆಯೆಂದು ಒಪ್ಪಿಕೊಂಡರೆ ಬರುವ ಜೂನಿನಲ್ಲಿ ಎಂಟನೆಯ ತರಗತಿಗೆ ಮಕ್ಕಳು ಕಡಿಮೆಯಾಗಿ ಒಂದು ಡಿವಿಜನ್ (ತರಗತಿಯ ವಿಭಾಗ) ಹೋದೀತು ಎಂಬ ಅಂಜಿಕೆ ಅವರದು. ಕನ್ನಡ ಮಾಧ್ಯಮದಲ್ಲಿ ಅದು ಬರೀ ನೆಪವಲ್ಲ. ಹಾಗಾಗಿ ಮೊದಲು ಕಾರ್ಯಕ್ರಮ ಕೇಳಬೇಡಿ, ಒಂದು ಪೀರಿಯಡ್ ಕೇಳಿ.

ಆ ಪೀರಿಯಡ್‌ನಲ್ಲಿ ಹೆಸರಿಲ್ಲದ ಸಮೀಕ್ಷೆ ನಡೆಯಲಿ. ಆರೇಳು ಪ್ರಶ್ನೆ ಸಾಕು: ಎಷ್ಟು ಸಲ, ಎಲ್ಲಿ, ಯಾವ ಹೊತ್ತಿಗೆ, ಯಾರಿಗೆ ಹೇಳಿದೆ. ಟಿಕ್ ಹಾಕುವ ಉತ್ತರಗಳೇ ಇರಲಿ. ಬರೆಯಲು ಹೇಳಿದರೆ ಅಕ್ಷರ ನೋಡಿ ಗುರುತು ಹಿಡಿಯುತ್ತಾರೆಂದು ಮಕ್ಕಳು ಸುಮ್ಮನಾಗುತ್ತಾರೆ. ಹಾಳೆ ಹಂಚುವವರು ಬೇರೆ ತರಗತಿಯ ಟೀಚರ್ ಆಗಲಿ. ಜೂನಿನಲ್ಲಿ ಮಾಡಿದರೆ ಎಂಟನೆಯವರು ಹಳೆಯ ಯುಪಿ (ಹಿರಿಯ ಪ್ರಾಥಮಿಕ) ಶಾಲೆಯ ಕಥೆ ಹೇಳುತ್ತಾರೆ. ಜುಲೈ ಕೊನೆ, ಓಣಂ ಪರೀಕ್ಷೆಯ ಗಡಿಬಿಡಿಗೆ ಮೊದಲು, ಸರಿಯಾದ ಕಾಲ. ನಾರ್ವೆಯಲ್ಲಿ 1983ರಲ್ಲಿ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಶುರುಮಾಡಿದ ಪೀಡನೆ ತಡೆಯುವ ಪದ್ಧತಿಯಲ್ಲಿ ‘ತಿಂಗಳಿಗೆ ಎರಡು ಮೂರು ಸಲ ಅಥವಾ ಹೆಚ್ಚು’ ಎಂದವರನ್ನು ಪೀಡನೆಗೊಳಗಾದವರೆಂದು ಲೆಕ್ಕ ಹಿಡಿಯುತ್ತಾರೆ. ಅಂಕಿಸಂಖ್ಯೆ ಶಾಲೆಯಿಂದ ಹೊರಗೆ ಹೋಗದೆಂದು ಪಿಟಿಎ ಕಾರ್ಯಕಾರಿಯ ಮಿನಿಟ್ಸ್‌ನಲ್ಲೇ ಬರೆಸಿ. ಆದರೆ ಮಗುವೊಂದು ಲೈಂಗಿಕ ದೌರ್ಜನ್ಯ ತಿಳಿಸಿದರೆ ಮುಚ್ಚಿಡುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು.

ಎಸ್‌ಪಿಸಿ ಒಳ್ಳೆಯದೇ. ಒಂದು ಬ್ಯಾಚಿಗೆ 44 ಕೆಡೆಟ್‌ಗಳು, ಮಿಕ್ಕ ಮಕ್ಕಳಿಗೆ?

ಜಾಗ, ಹೊತ್ತು ಗೊತ್ತಾದ ಮೇಲೆ ಕೆಲಸ ಸಣ್ಣದಾಗುತ್ತದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಶೌಚಾಲಯದ ಬಳಿ, ಶಾಲೆ ಬಿಟ್ಟಾಗ ಬಸ್‌ಸ್ಟಾಪಿನಲ್ಲಿ ಯಾರು ನಿಲ್ಲಬೇಕೆಂದು ಎಸ್‌ಆರ್‌ಜಿ (ಶಾಲೆಯ ಶಿಕ್ಷಕರ ಗುಂಪು) ಸಭೆಯಲ್ಲಿ ಪಾಳಿ ಹಾಕಿ. ಎಂಟನೆಯ ತರಗತಿಗೆ ಈ ವಿಷಯ ಮಾತಾಡಲು ವಾರಕ್ಕೊಂದು ಪೀರಿಯಡ್ ಟೈಂಟೇಬಲ್‌ನಲ್ಲೇ ಅಚ್ಚಾಗಲಿ. ‘ಬಿಡುವಾದಾಗ ಮಾಡೋಣ’ ಎಂದದ್ದು ಕಲೋತ್ಸವದ ಹೊತ್ತಿಗೆ ಮಾಯ. ವರ್ಷಕ್ಕೊಂದು ಭಾಷಣದಿಂದ, ಮೈಕಿನವರಿಗೆ ಬಾಡಿಗೆ ಸಿಗುವುದು ಬಿಟ್ಟರೆ, ಏನೂ ಆಗದು.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಹೊಡೆದವನನ್ನೂ ಪೆಟ್ಟು ತಿಂದವನನ್ನೂ ಎದುರುಬದುರು ಕೂರಿಸಿ ಕೈಕುಲುಕಿಸುವುದು ಸಮಬಲರ ಜಗಳಕ್ಕೆ ಸರಿ. ಪೀಡನೆಯಲ್ಲಿ ಮರುದಿನ ಇನ್ನೂ ಬಲವಾಗಿ ಬೀಳುತ್ತದೆ. ಇಬ್ಬರೊಡನೆಯೂ ಬೇರೆಬೇರೆಯಾಗಿ ಮಾತಾಡಬೇಕು. ಇನ್ನೊಂದು, ಭಾಷೆ. ಕೌನ್ಸಿಲರ್‌ಗೆ ಮಲಯಾಳ ಮಾತ್ರ ಬಂದು, ತುಳು ಮನೆಮಾತಿನ ಹುಡುಗಿಯ ದುಃಖವನ್ನು ಟೀಚರೊಬ್ಬರು ನಡುವೆ ಕೂತು ಅನುವಾದಿಸಿದರೆ ಆ ಮಗು ಬಾಯಿ ಬಿಡುವುದಿಲ್ಲ. ಕನ್ನಡವೋ ತುಳುವೋ ಬಲ್ಲವರು ಬೇಕೆಂದು ಕೌನ್ಸಿಲರ್‌ಗಾಗಿ ಕೊಡುವ ಅರ್ಜಿಯಲ್ಲೇ ಕೇಳಿ. ಪ್ರಶ್ನೆಹಾಳೆಯನ್ನಂತೂ ನೀವೇ ಕನ್ನಡದಲ್ಲಿ ಸಿದ್ಧಪಡಿಸಿ ಒಯ್ಯಿರಿ.

ಮೊದಲ ವರ್ಷ ದೂರುಗಳು ಹೆಚ್ಚಾಗುವ ಸಂಭವವಿದೆ. ಮಕ್ಕಳು ಹೇಳಲು ಶುರುಮಾಡಿದ್ದಾರೆಂದು ಅದರ ಅರ್ಥ. ಇದನ್ನು ಹೆಡ್‌ಮಾಸ್ಟರಿಗೂ ಮ್ಯಾನೇಜರಿಗೂ ಈಗಲೇ ಹೇಳಿಡಿ. ಡಿಸೆಂಬರಿನಲ್ಲಿ ಹೇಳಿದರೆ ನೆಪದಂತೆ ಕೇಳುತ್ತದೆ.