ಕಲಬುರಗಿ ಸೂಪರ್ ಮಾರ್ಕೆಟ್ ಏರಿಯಾ ಸುಧಾರಿಸಿದ್ರ ಊರಿನ ಆದಾಯ ಬೆಳೀತದಾ?

ಬೆಳೀತದ್ರಿ, ಆದ್ರ ಬರೇ ರೋಡ್ ಅಗಲ ಮಾಡಿ ಲೈಟ್ ಹಾಕಿದ್ರ ಆಗಂಗಿಲ್ಲ. ನಮ್ಮೂರಿಗಿ ರೊಕ್ಕ ಬರೋದು ಮುಖ್ಯವಾಗಿ ತೊಗರಿಯಿಂದ, ರೈತರ ಕೈಯಾಗ ತೊಗರಿ ಮಾರಿದ ರೊಕ್ಕ ಬಂದ್ರ ಸೂಪರ್ ಮಾರ್ಕೆಟ್ ಅನ್ನೋ ಈ ಪ್ಯಾಟ್ಯಾಗ ಬಟ್ಟಿ, ಬಂಗಾರ ಎಲ್ಲಾ ವ್ಯಾಪಾರ ಆಗ್ತದ, ಬೆಳಿ ಕೈಕೊಟ್ರ ಅಂಗಡಿನೂ ಖಾಲಿ. 2019ರಾಗ ನಮ್ಮ ತೊಗರಿ ಬ್ಯಾಳಿಗಿ ಜಿಐ ಟ್ಯಾಗ್ (ಇದು ಈ ಭಾಗದ್ದೇ ವಿಶೇಷ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ತು, ಅದೇ ವರ್ಷ ವಿಮಾನ ನಿಲ್ದಾಣನೂ ಶುರು ಆಯ್ತು. ಈಗ ಬ್ಯಾಳಿ ಪ್ಯಾಕ್ ಮಾಡಿ ಬ್ರ್ಯಾಂಡ್ ಹಾಕಿ ಮಾರೋ ಕೆಲ್ಸ ಊರಾಗೇ ಹೆಚ್ಚಾದ್ರ ಹುಡುಗ್ರಿಗಿ ಪಗಾರ ಸಿಗ್ತದ, ಆ ಪಗಾರ ಮತ್ತ ಇಲ್ಲೇ ಖರ್ಚ್ ಆಗ್ತದ, ಬೆಂಗಳೂರು ಪುಣೆಗಿ ದುಡಿಯಾಕ ಹೋಗೋದೂ ಕಡಿಮಿ ಆಗ್ತದ.

ಇನ್ನ ಮಾರ್ಕೆಟ್ ವಿಷಯ. ಬ್ಯಾಸಗ್ಯಾಗ 40 ಡಿಗ್ರಿ ದಾಟೋ ಬಿಸಿಲಾಗ ಮಧ್ಯಾಹ್ನ ಯಾರ್ ನಡಕೊಂತ ಬರ್ತಾರ? ನೆರಳು, ಕುಡಿಯೋ ನೀರು, ಹೆಣ್ಮಕ್ಕಳಿಗಿ ಕ್ಲೀನ್ ಟಾಯ್ಲೆಟ್, ಇವು ಮೊದಲು ಆಗ್ಬೇಕು. ಬಂಡಿಯವ್ರನ್ನ ಎಬ್ಬಿಸಿ ಪಾರ್ಕಿಂಗ್ ಮಾಡೋದು ನನ್ನ ಪ್ರಕಾರ ದೊಡ್ಡ ತಪ್ಪು, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೇ ಮಾಡಿ ಜಾಗ ಕೊಡ್ಬೇಕು, ಯಾಕಂದ್ರ ಅವ್ರ ಹತ್ರ ಬರೋ ಮಂದಿನೇ ಬಾಜೂ ಅಂಗಡಿಗೂ ಹೋಗ್ತಾರ. ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾಕ್ಕ ಹೊರಗಿನಿಂದ ಬರೋರಿಗಿ ಅಲ್ಲಿಂದ ಮಾರ್ಕೆಟ್ ತನಕ ಸಣ್ಣ ಸಿಟಿ ಬಸ್ ಬಿಟ್ರೂ ವ್ಯಾಪಾರ ಏರ್ತದ.